ಅಪ್ಪನ ಗಾಡಿಯ ಎರಡು ಬಿಳಿ ದೀಪ

ಆ ಕಾಲದಲ್ಲಿ ನಮ್ಮ ಬೀದಿ ಹಾಗಿತ್ತು, ಹೀಗಿತ್ತು ಎಂದು ನಮ್ಮವರು ಯಾರಾದರೂ ಮದುವೆ ಊಟಕ್ಕೆ ಕೂತಾಗ ಬಣ್ಣಿಸತೊಡಗಿದರೆ ನಾನು ಅನ್ನ ಕಲಸುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ. ಎಲ್ಲರೂ ಒಂದೇ ಮನೆಯವರ ಹಾಗೆ ಇದ್ದರಂತೆ. ಒಬ್ಬರ ಮನೆಯ ಕೆಲಸಕ್ಕೆ ಇಡೀ ಬೀದಿಯೇ ಕೈ ಹಾಕುತ್ತಿತ್ತಂತೆ. ಸುಳ್ಳು ಎಂದರೇನೆಂದೇ ಯಾರಿಗೂ ಗೊತ್ತಿರಲಿಲ್ಲವಂತೆ. ಈ ಕೊನೆಯ ಮಾತು ಬಂದಾಗ ನಾನು ಎಲೆ ಮಡಚಿ ಏಳುತ್ತೇನೆ. ಆ ಬೀದಿಯಲ್ಲಿ ಸುಳ್ಳು ಹೇಳಿದವಳು ನಾನು. ತಲೆಗೆ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ಚೌಡಮ್ಮನ ಗುಡಿಯ ಹೊಸ್ತಿಲಲ್ಲಿ ನಿಂತು ಹೇಳಿದೆ. ಆಗ ನನಗೆ ಹತ್ತು ವರ್ಷ.

ಪೊಳ್ಳಾಚ್ಚಿಯಿಂದ ಆನೈಮಲೈಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ, ತೆಂಗಿನ ತೋಟಗಳ ನಡುವೆ ನಮ್ಮೂರು. ಅದರಲ್ಲಿ ನೇಕಾರರ ಬೀದಿ ಒಂದೇ ಒಂದು. ಆ ಬೀದಿಯೊಳಗೆ ಕನ್ನಡ, ಬೀದಿ ದಾಟಿದರೆ ತಮಿಳು. ಕನ್ನಡ ನಮಗೆಲ್ಲ ಬಾಯಲ್ಲಿ ಮಾತ್ರ ಇತ್ತು. ನಾನು ಅಕ್ಷರ ಕಲಿತದ್ದು ಕೆಲಸಕ್ಕೆಂದು ಮೈಸೂರಿಗೆ ಹೋದ ಮೇಲೆ. ಅಪ್ಪನಿಗೆ ಇವತ್ತಿಗೂ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ, ಇದೂ ಒಂದು ಬಗೆಯ ಹೇಡಿತನವೇ.

ಮಾರ್ಗಳಿ, ಅಂದರೆ ಧನುರ್ಮಾಸ, ನಮಗೆ ಪಾವಿನ ತಿಂಗಳು. ಸೀರೆಯ ಉದ್ದದ ಎಳೆಗಳನ್ನೆಲ್ಲ ಒಟ್ಟು ಮಾಡಿ ಬೀದಿಯ ಉದ್ದಕ್ಕೂ ಎಳೆದು ಕಟ್ಟಿ ಗಂಜಿ ಸವರುತ್ತಿದ್ದರು. ಅದಕ್ಕೆ ನಾವು ಪಾವು ಅನ್ನುತ್ತಿದ್ದೆವು. ಬಿಸಿಲು ಬಿದ್ದರೆ ಗಂಜಿ ಬೇಗ ಒಣಗಿ ಎಳೆ ಮುರಿಯುತ್ತದೆ ಎಂದು ಕೋಳಿ ಕೂಗುವ ಹೊತ್ತಿಗೇ ಕೆಲಸ ಶುರು. ಕತ್ತರಿಯಂತೆ ಕಟ್ಟಿದ ಕೋಲುಗಳ ಮೇಲೆ, ಸೊಂಟದೆತ್ತರದಲ್ಲಿ, ಬೀದಿಯ ಈ ತಲೆಯಿಂದ ಆ ತಲೆಗೆ ಬಿಳಿ ನೂಲು ಹಾಸಿರುತ್ತಿತ್ತು. ಹುಳಿ ಬಂದ ಅಕ್ಕಿ ಗಂಜಿಗೆ ತೆಂಗಿನೆಣ್ಣೆ ಬೆರೆತ ಆ ವಾಸನೆಯನ್ನು ನಮ್ಮವರು ಈಗ ಅಮೃತ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ನಾರುತ್ತಿತ್ತು. ಕೂದಲಿಗೆ ಹತ್ತಿದರೆ ಶಾಲೆಯಲ್ಲಿ ಪಕ್ಕದ ಹುಡುಗಿ ಜರುಗಿ ಕೂರುತ್ತಿದ್ದಳು.

ಆದರೂ ಆ ಬೆಳಗುಗಳಲ್ಲಿ ಸುಖವಿತ್ತು, ಇಲ್ಲವೆನ್ನಲಾರೆ. ಗುಡಿಯಲ್ಲಿ ಹಂಚುವ ಮೆಣಸಿನ ಪೊಂಗಲ್ ಅಂಗೈ ಸುಡುತ್ತಿತ್ತು. ಮಕ್ಕಳೆಲ್ಲ ಪಾವಿನ ಅಡಿಯಲ್ಲಿ, ತಲೆ ತಾಗಿಸದೆ, ಬೀದಿಯ ತುದಿಯವರೆಗೆ ಅಂಬೆಗಾಲಿಟ್ಟು ಹೋಗಬೇಕು. ತಾಗಿಸಿದವರ ಬೆನ್ನಿಗೆ ಚೌಡಪ್ಪ ತಾತ ಗಂಜಿ ಕುಂಚದ ಹಿಡಿಯಿಂದ ಒಂದು ಬಾರಿಸುತ್ತಿದ್ದರು.

ಚೌಡಪ್ಪ ತಾತ ನಮಗೆ ನೆಂಟರಲ್ಲ, ಎದುರು ಮನೆಯವರು. ಹೆಂಡತಿ ಇರಲಿಲ್ಲ, ಮಗಳನ್ನು ಮೆಟ್ಟುಪಾಳ್ಯಕ್ಕೆ ಕೊಟ್ಟಿದ್ದರು. ಯಾರ ಮನೆಯ ಪಾವಾದರೂ ಮೊದಲು ಬಂದು ನಿಲ್ಲುತ್ತಿದ್ದವರು ಅವರೇ. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ದಪ್ಪ ಕನ್ನಡಕ. ಸಾವಿರಾರು ಎಳೆಗಳ ನಡುವೆ ಒಂದು ಕಡಿದಿದ್ದರೆ ಅಂಗೈಯನ್ನು ಹಗುರವಾಗಿ ಆಡಿಸಿ ಅಲ್ಲೇ ನಿಲ್ಲಿಸುತ್ತಿದ್ದರು.

"ಕಣ್ಣಲ್ಲಿ ತೇಡಬೇಡ ಕಣ್ಣು," ಎಂದು ನನ್ನ ಕೈ ಹಿಡಿದು ಎಳೆಗಳ ಮೇಲೆ ಆಡಿಸುತ್ತಿದ್ದರು. "ಕೈಯಲ್ಲಿ ತೇಡು. ಕಡಿದದ್ದು ತಾನೇ ಬಂದು ಬೆರಳಿಗೆ ಮುಟ್ಟುತ್ತೆ." ನಮ್ಮ ಕಡೆ ತೇಡುವುದೆಂದರೆ ಹುಡುಕುವುದು, ತಿಳಿಯುವುದೆಂದರೆ ಕಾಣುವುದೂ ಹೌದು, ಕಣ್ಣು ಎಂದರೆ ಮುದ್ದಿನ ಮಗು. ಗಂಟು ಹಾಕದೆ ಎರಡು ತುದಿಗಳನ್ನು ಹೊಸೆದು ಒಂದು ಮಾಡುವುದನ್ನು ನನಗೆ ಕಲಿಸಿದವರು ಅವರು. ಬೀದಿಯ ಬೇರೆ ಮಕ್ಕಳಿಗೆ ಕಲಿಸಲಿಲ್ಲ, ನನಗೆ ಮಾತ್ರ ಕಲಿಸಿದರು.

ಪಾವು ಹಾಸಿದಾಗ ಬೀದಿಗೆ ಒಂದೇ ಕಟ್ಟಳೆ. ಚಕ್ರ ಇರುವ ಯಾವುದೇ ಆಗಲಿ, ಬೀದಿ ತಲೆಯಲ್ಲಿ ಇಳಿದು ಗೋಡೆ ಪಕ್ಕದಲ್ಲಿ ತಳ್ಳಿಕೊಂಡು ಬರಬೇಕು. ಹಾಲಿನವನೂ ಇಳಿಯುತ್ತಿದ್ದ, ಗ್ಯಾಸ್ ತರುವವನೂ ಇಳಿಯುತ್ತಿದ್ದ. ಕಟ್ಟಳೆ ಮುರಿದವರ ಮನೆಯ ಪಾವಿಗೆ ಯಾರೂ ಕೈ ಹಾಕುವುದಿಲ್ಲ. ಪಾವು ಹಾಸಲು ಎಂಟು ಹತ್ತು ಜನ ಬೇಕು, ಹಾಗಾಗಿ ಆ ಮನೆಯ ಮಗ್ಗ ನಿಂತಂತೆಯೇ.

ನಮ್ಮ ಮನೆಯಲ್ಲಿ ಮಗ್ಗ ಅವ್ವನದು. ಅಪ್ಪ ಸ್ಪಿನ್ನಿಂಗ್ ಮಿಲ್ಲಿಗೆ ರಾತ್ರಿ ಪಾಳಿಗೆ ಹೋಗಿ ಬೆಳಗಿನ ಜಾವಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದ. ಆ ದಾರಿಯಲ್ಲಿ ಒಂದು ದೀಪದ ಕಂಬವೂ ಇರಲಿಲ್ಲ. ಹಳೆಯ ಗಾಡಿಯ ಹೆಡ್‌ಲೈಟ್ ತನ್ನ ಮುಂದಿನ ಚಕ್ರವನ್ನು ಬಿಟ್ಟು ಬೇರೇನನ್ನೂ ತೋರಿಸುತ್ತಿರಲಿಲ್ಲ. ಒಂದು ದಿನ ಎದುರಿಗೆ ಬಂದ ತೆಂಗಿನಕಾಯಿ ಲಾರಿ ಲೈಟನ್ನು ತಗ್ಗಿಸದೆ ಕಣ್ಣಿಗೆ ಹೊಡೆದು, ಅಪ್ಪ ಗಾಡಿ ಸಮೇತ ಸಿಪ್ಪೆ ರಾಶಿಗೆ ಬಿದ್ದ. ಮೊಣಕಾಲು ತರಚಿಕೊಂಡು ಕುಂಟುತ್ತಾ ಬಂದವನನ್ನು ನೋಡಿ ಅವ್ವ ಅತ್ತಳು.

"ಲೈಟಾದರೂ ಹಾಕಿಸು. ನಿನ್ನ ಕಾಲಿಗೆ ಬೀಳ್ತೀನಿ," ಅಂದಳು.

ದೀಪ ಬಂದದ್ದು ಹೀಗೆ. ನ್ಯಾಯವಾಗಿಯೇ ಬಂತು, ಅದನ್ನು ನಾನು ಮುಚ್ಚಿಡುವುದಿಲ್ಲ.

ಭಾನುವಾರ ಮಧ್ಯಾಹ್ನ ಅಪ್ಪ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಪೊಳ್ಳಾಚ್ಚಿಯ ಮೆಕ್ಯಾನಿಕ್ ಒಬ್ಬನ ಹತ್ತಿರ ಹೋದ. ಎಲ್‌ಇಡಿ ಎಂಬ ಮಾತು ಆಗಿನ್ನೂ ನಮ್ಮ ಬೀದಿಗೆ ಬಂದಿರಲಿಲ್ಲ. ಮೆಕ್ಯಾನಿಕ್ ಮುಷ್ಟಿ ಗಾತ್ರದ ಎರಡು ದೀಪಗಳನ್ನು ಮುಂದಿನ ಗಾರ್ಡಿಗೆ ಬಿಗಿದ, ಬ್ಯಾಟರಿಯಿಂದ ಬೇರೆ ವೈರ್ ಎಳೆದ, ನಡುವೆ ರಿಲೇ ಎಂಬ ಕಪ್ಪು ಡಬ್ಬಿ ಕೂರಿಸಿದ, ಎಡ ಹ್ಯಾಂಡಲ್ ಹತ್ತಿರ ಒಂದು ಕೆಂಪು ಸ್ವಿಚ್ ಇಟ್ಟ. ಆಮೇಲೆ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಕೂತು, ಎದ್ದು, ಮತ್ತೆ ಕೂತು, ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಿ ಬೋಲ್ಟ್ ಬಿಗಿ ಮಾಡಿದ. ದೀಪ ನೆಲವನ್ನು ನೋಡಬೇಕು, ಮುಖವನ್ನಲ್ಲ ಎಂದು ತಮಿಳಿನಲ್ಲಿ ಎರಡು ಸಲ ಹೇಳಿದ. ಮಂಜಿಗೆ ಬಿಳಿ ಬೆಳಕು ಆಗುವುದಿಲ್ಲ, ಹಳದಿ ಗಾಜಿನ ಮುಚ್ಚಳ ಹಾಕಿಕೊಳ್ಳಿ ಎಂದೂ ಹೇಳಿದ.

"ಹಳದಿಯಾ? ಅದು ಎತ್ತಿನ ಗಾಡಿ ಲಾಂದ್ರ ಇದ್ದಂಗೆ ಇರುತ್ತೆ," ಎಂದು ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ನಕ್ಕ. ನಾನೂ ನಕ್ಕೆ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಗುಂಡಿ, ನಾಯಿ, ರಸ್ತೆಗೆ ಬಿದ್ದ ತೆಂಗಿನ ಗರಿ ಎಲ್ಲವೂ ದೂರದಿಂದಲೇ ಕಾಣುತ್ತಿದ್ದವು. ಅವ್ವ ನೆಮ್ಮದಿಯಿಂದ ನಿದ್ದೆ ಮಾಡಿದಳು. ಎರಡನೆಯ ವಾರ ಅಪ್ಪ ಜಗಲಿಯಲ್ಲಿ ಕೂತು ತನ್ನ ಸ್ಪ್ಯಾನರಿನಿಂದ ಬೋಲ್ಟ್ ಸಡಿಲಿಸಿ ಎರಡೂ ದೀಪಗಳನ್ನು ಮೇಲಕ್ಕೆ ಎತ್ತಿದ. ಯಾಕೆಂದು ಕೇಳಿದೆ.

"ಕೆಳಗೆ ನೋಡಿದರೆ ಯಾರಿಗೆ ತಿಳಿಯುತ್ತೆ ಲೈಟ್ ಐತೆ ಅಂತ?" ಅಂದ.

ಈಗ ಯೋಚಿಸಿದರೆ ನನಗೆ ಹೇಸಿಗೆಯಾಗುವುದು ಆ ಮಾತಿಗೇ. ಬಿದ್ದು ಏಟು ತಿಂದವನು ಆ ಏಟನ್ನು ಇನ್ನೊಬ್ಬರಿಗೆ ಕೊಡಲು ಕಾದಿದ್ದಂತೆ ಇತ್ತು ಅಪ್ಪನ ಉತ್ಸಾಹ. ಎದುರಿಗೆ ಸೈಕಲ್ ಬಂದರೆ ಸ್ವಿಚ್ ಒತ್ತುವುದು, ಸೈಕಲ್ಲಿನವನು ಕೈ ಅಡ್ಡ ಹಿಡಿದು ತತ್ತರಿಸುವುದನ್ನು ನೋಡಿ ನಗುವುದು. ತಲೆಯ ಮೇಲೆ ಹುಲ್ಲು ಹೊತ್ತ ಹೆಂಗಸು ದಾರಿ ಪಕ್ಕಕ್ಕೆ ಮುಖ ತಿರುಗಿಸಿ ನಿಂತರೆ "ನೋಡು, ಹೆಂಗೆ ನಿಂತುಬುಟ್ಟಳು" ಎಂದು ನನಗೆ ತೋರಿಸುವುದು. ಸ್ವಿಚ್ ಒತ್ತುವ ಕೆಲಸ ಬರಬರುತ್ತಾ ನನ್ನ ಪಾಲಿಗೆ ಬಂತು. ಬೆಳಗ್ಗೆ ಗಾಡಿ ಬರುವ ಹೊತ್ತಿಗೆ ನಾನು ಊರ ಹೊರಗಿನ ಮೋರಿಯ ಹತ್ತಿರ ಓಡಿ ಹೋಗಿ ನಿಲ್ಲುತ್ತಿದ್ದೆ. ಟ್ಯಾಂಕಿನ ಮೇಲೆ ಕೂತು ಊರೊಳಗೆ ಬರುವಷ್ಟು ದೂರ ಆ ಕೆಂಪು ಗುಂಡಿ ನನ್ನದು. ದೊಡ್ಡವರು ನನ್ನ ಒಂದು ಬೆರಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನಗೆ ಅದು ಬಹಳ ಇಷ್ಟವಾಗಿತ್ತು.

ಆಮೇಲೆ ಅಪ್ಪ ಬೀದಿ ತಲೆಯಲ್ಲಿ ಇಳಿಯುವುದನ್ನೂ ಬಿಟ್ಟ. "ಈ ಲೈಟಲ್ಲಿ ಇರುವೆ ಹೋದರೂ ತಿಳಿಯುತ್ತೆ, ಇಳಿಯೋದು ಯಾಕೆ?" ಎಂದು ಗೋಡೆ ಪಕ್ಕದಲ್ಲಿ ಮೆಲ್ಲಗೆ ಓಡಿಸಿಕೊಂಡೇ ಬರುತ್ತಿದ್ದ. ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದವನಿಗೆ, ಎಳೆಗೆ ಏನೂ ಆಗದ ತನಕ, ಯಾರೂ ಎದುರು ಮಾತಾಡಲಿಲ್ಲ. ಚೌಡಪ್ಪ ತಾತ ಒಬ್ಬರೇ ಕುಂಚ ಎತ್ತಿ ಹೇಳಿದರು.

"ರಾಮೂ, ಅದನ್ನ ಆರಿಸಿ ಇಳಿಯಪ್ಪಾ. ಎಳೆ ಬಿಳಿ, ಮಂಜು ಬಿಳಿ, ನಿನ್ನ ಲೈಟೂ ಬಿಳಿ. ಏನು ತಿಳಿಯುತ್ತೆ ಹೇಳು?"

"ನಿನಗೆ ತಿಳಿಯಲ್ಲ ತಾತಾ. ನಿನ್ನ ಕಣ್ಣು ಆಪರೇಷನ್ ಕಣ್ಣು," ಅಂದ ಅಪ್ಪ. ನಾಲ್ಕು ಜನ ನಕ್ಕರು. ತಾತ ಕುಂಚವನ್ನು ಮತ್ತೆ ಗಂಜಿಗೆ ಅದ್ದಿದರು.

ಆ ದಿನ ನಮ್ಮ ಮನೆಯದೇ ಪಾವು. ಎದುರಿನ ತೆಂಗಿನ ಮರ ಕಾಣದಷ್ಟು ಮಂಜು. ಅವ್ವ ಬೀದಿಯ ಆ ಕೊನೆಯಲ್ಲಿ ಹಗ್ಗ ಬಿಗಿಯುತ್ತಿದ್ದಳು. ಎಳೆ ಹಾಸಿಕೊಟ್ಟ ಉಳಿದವರು ಪೊಂಗಲ್‌ಗೆಂದು ಗುಡಿಯೊಳಗೆ ಹೋಗಿದ್ದರು. ತಾತ ಮಾತ್ರ ಹೋಗದೆ ಈ ಕೊನೆಯಲ್ಲಿ ಕೋಲುಗಳನ್ನು ನೆಟ್ಟಗೆ ಮಾಡುತ್ತಿದ್ದರು. ಮೋರಿಯ ಹತ್ತಿರ ನಾನು ಗಾಡಿ ಹತ್ತಿದೆ. ಬೀದಿ ತಿರುವಿನಲ್ಲಿ ಅಪ್ಪ, "ಹಾಕು ಕಣ್ಣು," ಅಂದ. ಹಾಕಿದೆ.

ಬೆಳಕು ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸು ಬಂತು. ಮುಂದೆ ಬರೀ ಬಿಳಿ. ಬೀದಿಯೂ ಇಲ್ಲ, ಗೋಡೆಯೂ ಇಲ್ಲ. ಅಪ್ಪ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಆ ಬಿಳಿಯೊಳಗಿಂದ ಒಂದು ಕೈ ಮೇಲೆದ್ದು ಕನ್ನಡಕಕ್ಕೆ ಅಡ್ಡ ಬಂದದ್ದು ಮಾತ್ರ ನನಗೆ ಕಂಡಿತು. ಮರುಕ್ಷಣ ಕೋಲುಗಳು ಲಟಲಟ ಮುರಿದವು. ಎಳೆಗಳು ಕುತ್ತಿಗೆಗೆ, ಹ್ಯಾಂಡಲಿಗೆ, ನನ್ನ ಹಲ್ಲಿನ ನಡುವಿಗೆಲ್ಲ ಸುತ್ತಿಕೊಂಡವು. ಗಾಡಿ ಮಗುಚಿತು. ಹುಳಿ ಗಂಜಿಯ ಮಡಕೆ ಒಡೆದು ನಾವು ಮೂವರೂ ಅದರಲ್ಲಿ ನೆನೆದೆವು. ತಾತ ಬಲಗೈ ಅಡಿಯಾಗಿ ಬಿದ್ದಿದ್ದರು.

ಜನ ಓಡಿ ಬರುವ ಮೊದಲು ಅಪ್ಪ ಮಾಡಿದ ಕೆಲಸ ಒಂದೇ. ತಾತನನ್ನು ಎಬ್ಬಿಸಲಿಲ್ಲ, ನನಗೆ ಏಟಾಯಿತೇ ಎಂದು ಕೇಳಲಿಲ್ಲ. ಕೈ ಚಾಚಿ ಕೆಂಪು ಸ್ವಿಚ್ ಆರಿಸಿದ.

"ಇಳಿದು ತಳ್ಳಿಕೊಂಡೇ ಬರ್ತಾ ಇದ್ದೆ," ಎಂದು ಬಂದವರಿಗೆಲ್ಲ ಹೇಳಿದ. "ಲೈಟ್ ಹಾಕಿಯೇ ಇರಲಿಲ್ಲೆ. ತಾತ ಹಿಂದಕ್ಕೆ ಹಿಂದಕ್ಕೆ ಬಂದು ಗಾಡಿ ಮೇಲೆ ಬಿದ್ದುಬುಟ್ಟರು. ಪಾಪ, ಕಣ್ಣು ತಿಳಿಯಲ್ಲ."

"ಲೈಟ್ ಹೊಡೀತಪ್ಪಾ ಕಣ್ಣಿಗೆ," ಅಂದರು ತಾತ. ಮಣಿಕಟ್ಟು ಆಗಲೇ ಊದುತ್ತಿತ್ತು. "ಆಮೇಲೆ ನನಗೇನೂ ತಿಳಿಯಲಿಲ್ಲೆ."

ಅಪ್ಪನದು ಒಂದು ಮಾತು, ತಾತನದು ಒಂದು ಮಾತು. ಅವ್ವ ಆ ಕೊನೆಯಿಂದ ಬೆಳಕು ಕಂಡಿದ್ದಳು, ಆದರೆ ಗಂಡನ ವಿಷಯದಲ್ಲಿ ಹೆಂಡತಿಯನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಬೇರೊಂದು ಪದ್ಧತಿ ಇತ್ತು. ಬೀದಿಯಲ್ಲಿ ಹೀಗೆ ಮಾತಿಗೆ ಮಾತು ನಿಂತಾಗ, ಇನ್ನೂ ದೊಡ್ಡವಳಾಗದ ಹುಡುಗಿಯನ್ನು ಚೌಡಮ್ಮನ ಹೊಸ್ತಿಲಲ್ಲಿ ನಿಲ್ಲಿಸಿ ಕೇಳುವುದು. ಆ ಬಾಯಲ್ಲಿ ಅಮ್ಮನೇ ಮಾತಾಡುತ್ತಾಳೆ ಎಂಬ ನಂಬಿಕೆ. ಕಳೆದುಹೋದ ಲಾಳಿ, ಕಳುವಾದ ಕೋಳಿಗೆಲ್ಲ ಹೀಗೆ ಕೇಳಿದ್ದರು. ಈ ಸಲ ಗಾಡಿಯ ಮೇಲಿದ್ದ ಹುಡುಗಿಯೇ ಸಿಕ್ಕಿದ್ದಳು. ತನ್ನ ಅಪ್ಪನ ತಪ್ಪನ್ನು ಮಗಳ ಬಾಯಲ್ಲೇ, ನಾಲ್ಕು ಜನರ ಮುಂದೆ ಹೇಳಿಸುವ ಆ ಹಿರಿಯರ ಭಕ್ತಿಗೆ ಏನು ಹೇಳಲಿ?

ಕೇಳುವುದು ಶುಕ್ರವಾರ ಎಂದಾಯಿತು. ಅದರ ಹಿಂದಿನ ದಿನ ಅವ್ವ ಅಡುಗೆಮನೆಯಲ್ಲಿ, "ನಾಳೆಯಿಂದ ನಮ್ಮ ಪಾವಿಗೆ ಯಾರೂ ಬರಲ್ಲ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಬೇಕು," ಎಂದು ಅಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಅಪ್ಪ ನನಗೆ ಸುಳ್ಳು ಹೇಳು ಎಂದು ಹೇಳಿಕೊಡಲಿಲ್ಲ. ಶುಕ್ರವಾರ ಬೆಳಗ್ಗೆ ಜಾಂಗಿರಿ ತಂದ. ನನ್ನೊಬ್ಬಳಿಗೇ. ಪೊಟ್ಟಣ ನನ್ನ ಮಡಿಲಲ್ಲಿ ಇಟ್ಟು, ತಲೆ ಸವರಿ, ಹೊರಗೆ ಹೋದ. ಪಾಕ ಸೋರುವ ಎರಡು ಜಾಂಗಿರಿಯನ್ನೂ ನಾನು ತಿಂದೆ. ಬೆರಳು ನೆಕ್ಕಿಕೊಂಡೆ ಕೂಡ.

ಗುಡಿಯ ಮುಂದೆ ಬೀದಿಯೆಲ್ಲ ನಿಂತಿತ್ತು. ತಾತ ಕೈಗೆ ಕಟ್ಟು ಹಾಕಿಕೊಂಡು ಜಗಲಿಯ ಅಂಚಿನಲ್ಲಿ ಕೂತಿದ್ದರು. ಬೀದಿಯ ಯಜಮಾನರು ಕೇಳಿದರು.

"ಬಯಪಡಬೇಡ ಕಣ್ಣು. ನಿಮ್ಮಪ್ಪ ಇಳಿದು ತಳ್ಳಿಕೊಂಡು ಬಂದನಾ, ಓಡಿಸಿಕೊಂಡು ಬಂದನಾ?"

"ತಳ್ಳಿಕೊಂಡು."

"ಲೈಟ್ ಹತ್ತಿತ್ತಾ?"

ನಾನು ಅಪ್ಪನ ಕಡೆ ನೋಡಲಿಲ್ಲ. ಅವ್ವನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಇಲ್ಲೆ," ಅಂದೆ.

ಜನ ಉಸಿರು ಬಿಟ್ಟರು. ಯಾರೋ ಚೌಡಮ್ಮನಿಗೆ ಕೈ ಮುಗಿದರು. ಆಗ ತಾತ ನನ್ನನ್ನು ಹತ್ತಿರ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಎಡಗೈಯಲ್ಲಿ ಕನ್ನಡಕ ತೆಗೆದು, ಬರಿಗಣ್ಣಲ್ಲಿ ನನ್ನ ಮುಖ ನೋಡುತ್ತಾ, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದರು.

"ನಿಜವಾಗಿ ಹತ್ತಿರಲಿಲ್ಲೆಯಾ ಕಣ್ಣು? ನನಗೆ ಹತ್ತಿದಂಗೆ ತಿಳಿಯಿತು."

ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಗೊತ್ತಿಲ್ಲದೆ ಕೇಳುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ.

"ಹಂಗಾದರೆ ನನ್ನ ಕಣ್ಣೇ ಹೋಗಿರಬೇಕು," ಅಂದರು. ಕನ್ನಡಕವನ್ನು ಮತ್ತೆ ಹಾಕಿಕೊಳ್ಳದೆ ಜೇಬಿಗೆ ಇಟ್ಟುಕೊಂಡರು.

ವಯಸ್ಸಾಯಿತು, ಇನ್ನು ಪಾವಿನ ಹತ್ತಿರ ಬರಬೇಡಿ, ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಅಪಾಯ ಎಂದು ಎಲ್ಲರೂ ಬಹಳ ಪ್ರೀತಿಯಿಂದ ತಾತನಿಗೆ ಹೇಳಿದರು. ಅಪ್ಪನೂ ಹೇಳಿದ. ಮಣಿಕಟ್ಟು ಒಂದೂವರೆ ತಿಂಗಳಲ್ಲಿ ಕೂಡಿಕೊಂಡಿತು. ಆದರೆ ತಾತ ಮತ್ತೆ ಎಳೆ ಮುಟ್ಟಲಿಲ್ಲ. ಮುಟ್ಟಿ ನೋಡಿ ತಿಳಿಯುತ್ತಿದ್ದ ಮನುಷ್ಯ ತಮ್ಮ ಕೈಯನ್ನೂ ನಂಬದಾದರು. ಬೆಳಗ್ಗೆ ಜಗಲಿಯಲ್ಲಿ ಕೂತು, ಹಿಡಿದು ಕರೆದುಕೊಂಡು ಹೋಗುವವರು ಬರಲಿ ಎಂದು ಕಾಯುತ್ತಿದ್ದರು, ಹಿತ್ತಲಿಗೆ ಹೋಗಲು ಕೂಡ. ನಾನು ಅವರ ಜಗಲಿ ಕಾಣುವ ಮುಂಬಾಗಿಲಿನಿಂದ ಶಾಲೆಗೆ ಹೋಗುವುದನ್ನು ಬಿಟ್ಟೆ. ಎರಡು ಮಾರ್ಗಳಿ ಕಳೆದ ಮೇಲೆ ಮಗಳು ಬಂದು ಮೆಟ್ಟುಪಾಳ್ಯಕ್ಕೆ ಕರೆದುಕೊಂಡು ಹೋದಳು. ಅಲ್ಲೇ ತೀರಿಕೊಂಡರು ಎಂದು ಆಮೇಲೆ ಸುದ್ದಿ ಬಂತು. ಅವ್ವ ಮಣ್ಣಿಗೆ ಹೋಗಿ ಬಂದಳು. ಅವತ್ತು ನನ್ನ ತಲೆ ಬಾಚುವಾಗ, "ನೀನು ನನಗೋಸ್ಕರ ಹೇಳಿದೆ ಅಂತ ನನಗೆ ತಿಳಿಯುತ್ತೆ," ಎಂದಳು. ಆ ವಿಷಯ ಎತ್ತಿದ್ದು ಅದೊಂದೇ ಸಲ. ಈಗ ಅವಳೂ ಇಲ್ಲ.

ಈಗ ನಮ್ಮ ಬೀದಿಯಲ್ಲಿ ಪಾವು ಹಾಸುವುದಿಲ್ಲ. ಗಂಜಿ ಹಾಕಿದ ನೂಲು ತಿರುಪ್ಪೂರು ಕಡೆಯ ಯಂತ್ರದಿಂದ ಸುತ್ತಿಕೊಂಡೇ ಬರುತ್ತದೆ, ಅದೂ ಉಳಿದಿರುವ ಮೂರು ಮಗ್ಗಗಳಿಗೆ. ಕಾಂಕ್ರೀಟ್ ರಸ್ತೆಯ ಮೇಲೆ ಗಾಡಿಗಳು ಭರ್ರೆಂದು ಹೋಗುತ್ತವೆ, ಯಾರೂ ಇಳಿಯುವುದಿಲ್ಲ. ನಮ್ಮವರು ಕಳೆದುಕೊಂಡದ್ದನ್ನು ಎಣಿಸುವಾಗ ಇವನ್ನೇ ಎಣಿಸುತ್ತಾರೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಕಣ್ಣಿನ ಪರೀಕ್ಷೆ ಮುಗಿಸಿ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಂಜೆ ಬರುತ್ತಿದ್ದೆ. ಅವನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗೆ ಬಂದ ಬೈಕಿನಲ್ಲಿ ನಾಲ್ಕು ಬಿಳಿ ದೀಪ ಉರಿಯುತ್ತಿದ್ದವು. ಅಪ್ಪ ನನ್ನ ಬೆನ್ನಿಗೆ ಮುಖ ಒತ್ತಿಕೊಂಡು ಬೈದ.

"ಪಾಪಿ ಮಕ್ಕಳು! ಕೆಳಗೆ ಇಳಿಸಕ್ಕೆ ಏನು ಕೇಡು ಇವರಿಗೆ? ಎದುರಿಗೆ ಬರೋನು ಮನುಷ್ಯ ಅಲ್ಲವಾ?"

ನಾನು ಸ್ಕೂಟರನ್ನು ರಸ್ತೆ ಪಕ್ಕದಲ್ಲಿ ನಿಲ್ಲಿಸಿದೆ. ಇಷ್ಟು ವರ್ಷದ ಮೇಲೆ ಬಾಯಿ ಬಂತು.

"ಅಪ್ಪಾ, ಅವತ್ತು ಲೈಟ್ ಹತ್ತಿತ್ತು. ಚೌಡಪ್ಪ ತಾತನ ಕಣ್ಣು ಚೆನ್ನಾಗೇ ಇತ್ತು."

ಅವನು ನಾಚುತ್ತಾನೆ, ಇಲ್ಲವೇ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಮಗುವಿಗೆ ತಿಳಿಹೇಳುವವನಂತೆ ನನ್ನ ಭುಜ ತಟ್ಟಿದ.

"ಏನು ಕಣ್ಣು, ಮರೆತುಬುಟ್ಟೆಯಾ? ಹತ್ತಿರಲಿಲ್ಲೆ. ಚೌಡಮ್ಮನ ಮುಂದೆ ನಿಂತು ನೀನೇ ಹೇಳಿದೆಯಲ್ಲ."

ಅವನ ಮುಖವನ್ನೇ ನೋಡಿದೆ. ನಾಟಕ ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಅದೇ ನೆನಪಿತ್ತು. ಅಪ್ಪನನ್ನು ಕಂಡು ಅಸಹ್ಯಪಡಬೇಕೆಂದು ಹೊರಟ ನನಗೆ, ಅವನು ಹಿಡಿದುಕೊಂಡಿರುವ ಸುಳ್ಳು ನನ್ನದು ಎಂಬುದೇ ಎದುರಾಯಿತು. ನಿಜ ಗೊತ್ತಿದ್ದವರು ನಾಲ್ಕೇ ಜನ. ತಾತ ತಮ್ಮ ಕಣ್ಣನ್ನೇ ಸುಳ್ಳು ಮಾಡಿಕೊಂಡು ಹೋದರು. ಅವ್ವ ಬಾಯಿ ಕಟ್ಟಿಕೊಂಡು ಹೋದಳು. ಅಪ್ಪ ಮರೆತ. ಈಗ ನಾನೊಬ್ಬಳು ಬೀದಿಯಲ್ಲಿ ನಿಂತು ಕೂಗಿ ಹೇಳಿದರೂ, ಅವರು ನಂಬುವುದು ಆ ಹತ್ತು ವರ್ಷದ ಹುಡುಗಿಯನ್ನೇ, ನನ್ನನ್ನಲ್ಲ.